‘ಕೈಗೊಳ್ಳಲಾಗುವುದು’

ಪರಿಚಯದ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕಿ ತಮ್ಮ ಶಾಲೆಯ ‘ವಿದ್ಯಾರ್ಥಿ ಸುರಕ್ಷತಾ ನೀತಿ’ಯ ಭಾಷೆಯನ್ನು ಒಮ್ಮೆ ತಿದ್ದಿಕೊಡಿ ಎಂದು ಕಳೆದ ತಿಂಗಳು ಫೈಲ್ ಕಳುಹಿಸಿದ್ದರು. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇಂಥ ಕೆಲಸ ಬರುವುದು ಹೊಸದಲ್ಲ. ಹನ್ನೊಂದು ಪುಟಗಳ ಆ ದಾಖಲೆಯ ಮೂರನೇ ಪುಟದಲ್ಲಿ ಬೇರೊಂದು ಶಾಲೆಯ ಹೆಸರು ಹಾಗೆಯೇ ಉಳಿದಿತ್ತು. ಒಳ್ಳೆಯ ನೀತಿಯನ್ನು ಯಾರಿಂದ ಪಡೆದರೂ ಸರಿಯೇ; ಆದರೆ ವರ್ಷದಿಂದ ಜಾರಿಯಲ್ಲಿದ್ದ ಅದನ್ನು ಶಾಲೆಯಲ್ಲಿ ಒಬ್ಬರೂ ಮೂರನೇ ಪುಟದವರೆಗೆ ಓದಿರಲಿಲ್ಲ ಎಂಬುದು ಅದರಿಂದ ತಿಳಿಯಿತು. ಅದಕ್ಕಿಂತ ನನ್ನನ್ನು ಕಾಡಿದ್ದು ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯ. ಎಣಿಸಿದೆ, ಹದಿನಾಲ್ಕು ಕಡೆ ಇತ್ತು. ಕ್ರಿಯಾಪದವಿದೆ, ಕರ್ತೃಪದವಿಲ್ಲ.

ಕಾನೂನು ಇಷ್ಟು ಮುಸುಕಾಗಿ ಮಾತನಾಡುವುದಿಲ್ಲ. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ತನಿಖೆಯನ್ನು ಸಿಬಿಐಗೆ ವಹಿಸಿದ ತೀರ್ಪಿನಲ್ಲಿಯೇ, ಅಂದರೆ 2025ರ ಜುಲೈ 25ರಂದು, ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಸುಪ್ರೀಂ ಕೋರ್ಟ್ ಪೀಠವು ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ 15 ನಿರ್ದೇಶನಗಳನ್ನು ನೀಡಿತು. ಸೂಕ್ತ ಶಾಸನ ಬರುವವರೆಗೆ ಅವೇ ಕಾನೂನು. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರೆಂಬ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕವನ್ನು ಪೀಠ ಮುಂದಿಟ್ಟುಕೊಂಡಿತ್ತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಲೇಬೇಕು; ಚಿಕ್ಕ ಶಾಲೆಗಳು ಹೊರಗಿನ ತಜ್ಞರೊಂದಿಗೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು. ಬೋಧಕರಷ್ಟೇ ಅಲ್ಲ, ಬೋಧಕೇತರ ಸಿಬ್ಬಂದಿಯೂ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಪಡೆಯಬೇಕು. ಮಗುವಿನ ಅಳು ಮೊದಲು ಕಾಣುವುದು ಬಹುಪಾಲು ಆಯಾ ಅಮ್ಮನಿಗೆ, ಬಸ್ಸಿನ ಚಾಲಕರಿಗೆ. ಹಾಗಾಗಿ ಇದು ಸರಿಯಾಗಿದೆ.

ಅಂಕಗಳ ಆಧಾರದ ಮೇಲೆ ತಂಡಗಳನ್ನು ವಿಂಗಡಿಸುವುದು, ಎಲ್ಲರೆದುರು ಅವಮಾನಿಸುವುದು, ಮಗುವಿನ ಸಾಮರ್ಥ್ಯಕ್ಕೆ ಮೀರಿದ ಗುರಿ ಹೇರುವುದು ಇವುಗಳಿಂದ ‘ಸಾಧ್ಯವಾದ ಮಟ್ಟಿಗೆ’ ದೂರವಿರಬೇಕೆಂದೂ ಪೀಠ ಹೇಳಿದೆ. ಆ ‘ಸಾಧ್ಯವಾದ ಮಟ್ಟಿಗೆ’ ಎಂಬ ಸಡಿಲವನ್ನು ನಮ್ಮ ಪಿಯು ಕಾಲೇಜುಗಳು ಹೇಗೆ ಬಳಸಿಕೊಳ್ಳುತ್ತವೆ ಎಂಬುದನ್ನು ಬಲ್ಲವರು ಬಲ್ಲರು.

ನೀತಿಯನ್ನು ಬರೆಯುವವರು ಎಲ್ಲಕ್ಕಿಂತ ಹೆಚ್ಚು ಓದಬೇಕಾದದ್ದು ಕಿರುಕುಳದ ಕುರಿತ ನಿರ್ದೇಶನ. ಲೈಂಗಿಕ ದೌರ್ಜನ್ಯ, ರ‍್ಯಾಗಿಂಗ್, ಜಾತಿ, ಲಿಂಗ, ಧರ್ಮ, ಅಂಗವೈಕಲ್ಯಗಳ ಕಾರಣಕ್ಕಾಗುವ ಪೀಡನೆ ಇವುಗಳಿಗೆ ಗೋಪ್ಯವಾದ ದೂರು ವ್ಯವಸ್ಥೆ ಇರಬೇಕು, ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳಬಾರದು. ಸಕಾಲದಲ್ಲಿ ಕ್ರಮ ಕೈಗೊಳ್ಳದ ನಿರ್ಲಕ್ಷ್ಯವು ಮಗುವಿನ ಸಾವಿಗೋ ಸ್ವಯಂ ಹಾನಿಗೋ ಎಡೆಮಾಡಿಕೊಟ್ಟರೆ ಅದು ಸಂಸ್ಥೆಯ ತಪ್ಪೆಂದೇ ಪರಿಗಣಿತವಾಗುತ್ತದೆ. ‘ಮಕ್ಕಳ ಜಗಳ, ಬಿಡಿ’ ಎಂದು ಸ್ಟಾಫ್ ರೂಮಿನಲ್ಲಿ ಹೇಳಿ ಮುಗಿಸಿದ ಎಷ್ಟೋ ಮಾತುಗಳು, ನನ್ನವೂ ಸೇರಿ, ಈ ನಿರ್ದೇಶನವನ್ನು ಓದುವಾಗ ನೆನಪಾದವು.

ಬೇರೆ ಕಾಯ್ದೆಗಳೂ ಕರ್ತೃವನ್ನು ಬಿಟ್ಟಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ತಿಳಿದ ವ್ಯಕ್ತಿ ಪೊಲೀಸರಿಗೆ ತಿಳಿಸಬೇಕು. ಮುಖ್ಯ ಶಿಕ್ಷಕರ ಕಿವಿಗೆ ಹಾಕಿದರೆ ಶಿಕ್ಷಕರ ಹೊಣೆ ತೀರುವುದಿಲ್ಲ, ಮತ್ತು ತನ್ನ ಅಧೀನದಲ್ಲಿರುವವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಇಂಥ ಮಗುವಿನ ಕೈಗೆ ಟಿಸಿ ಕೊಟ್ಟು ‘ಸಮಸ್ಯೆ’ಯನ್ನು ಮನೆಗೆ ಕಳುಹಿಸುವ ಶಾಲೆ, ನನ್ನ ದೃಷ್ಟಿಯಲ್ಲಿ, ಸರ್ಕಾರವೇ ಕೊಡದ ಶಿಕ್ಷೆಯನ್ನು ತಾನು ಕೊಡುತ್ತದೆ.

‘ಹಾಗಾದರೆ ಗದರಿಸಿದರೂ ಜೈಲೇ?’ ಎಂದು ಶಿಕ್ಷಕರು ಕೇಳುತ್ತಾರೆ. ಅಲ್ಲ. ರಾಜಸ್ಥಾನದ ಪ್ರಕರಣವೊಂದರಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್, ಪ್ರಚೋದಿಸುವ ಉದ್ದೇಶವಿಲ್ಲದೆ ಶಿಸ್ತಿಗಾಗಿ ವಿದ್ಯಾರ್ಥಿಯನ್ನು ಗದರಿಸಿದ ಮಾತ್ರಕ್ಕೆ ಅದು ಆತ್ಮಹತ್ಯೆಗೆ ಕುಮ್ಮಕ್ಕು ಆಗುವುದಿಲ್ಲವೆಂದು ಶಿಕ್ಷಕರ ವಿರುದ್ಧದ ಎಫ್‌ಐಆರ್ ರದ್ದುಪಡಿಸಿತು. ಇನ್ನೊಂದು ಭಯವೂ ಇದೆ: ‘ಸಾಯಬೇಕು ಅನ್ನಿಸುತ್ತಿದೆಯಾ’ ಎಂದು ನೇರವಾಗಿ ಕೇಳಿದರೆ ಇಲ್ಲದ ವಿಚಾರವನ್ನು ತಲೆಗೆ ತುಂಬಿದಂತಾಗುವುದಿಲ್ಲವೇ ಎಂಬುದು. ಹಾಗೇನೂ ಆಗುವುದಿಲ್ಲ ಎಂದು ಮನೋವೈದ್ಯರು ಹೇಳುತ್ತಲೇ ಬಂದಿದ್ದಾರೆ; ಯಾರಾದರೂ ಕೇಳಲಿ ಎಂದು ಎಷ್ಟೋ ಮಕ್ಕಳು ಕಾದಿರುತ್ತಾರೆ.

ಆದ್ದರಿಂದ ನಾನು ಭಾಷೆಯನ್ನು ತಿದ್ದಲಿಲ್ಲ, ಹದಿನಾಲ್ಕು ವಾಕ್ಯಗಳಿಗೂ ಕರ್ತೃಪದ ಹಾಕಿದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಸಾವಿನ ಮಾತನ್ನು ಕಂಡ ಶಿಕ್ಷಕರು ಆ ಮಗುವನ್ನು ಒಂಟಿಯಾಗಿ ಬಿಡದೆ, ಸಂಜೆಯವರೆಗೆ ಕಾಯದೆ, ಆಪ್ತಸಮಾಲೋಚಕರ ಬಳಿಗೆ ತಾವೇ ಕರೆದೊಯ್ಯುತ್ತಾರೆ. ಅವರು ಅಂದು ರಜೆಯಲ್ಲಿದ್ದರೆ, ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರಿಂದ ನಡೆಯುತ್ತಿರುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಗುವಿನ ಪಕ್ಕದಲ್ಲೇ ಕುಳಿತು ಕರೆ ಮಾಡುತ್ತಾರೆ. ಅಲ್ಲಿ ಹಗಲಿರುಳೂ ಕನ್ನಡದಲ್ಲಿ ಉಚಿತವಾಗಿ ಮಾತನಾಡಬಹುದು. ಮನೆಯವರಿಗೆ ತಿಳಿಸುವವರು ಮುಖ್ಯ ಶಿಕ್ಷಕಿ. ಹಿಂಸೆ ಮನೆಯಲ್ಲೇ ಇದೆಯೆಂದು ಮಗು ಹೇಳಿದರೆ ಮೊದಲ ಕರೆ ಮನೆಗಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ.

ಫೈಲ್ ತಲುಪಿದ ಮರುದಿನ ಮುಖ್ಯ ಶಿಕ್ಷಕಿಯವರ ಫೋನ್ ಬಂತು. ‘ಸರ್, ಆರನೇ ಪುಟದಲ್ಲಿ ನನ್ನನ್ನೇ ಹಾಕಿಬಿಟ್ಟಿದ್ದೀರಿ. ಆ ದಿನ ನಾನು ಬಿಇಒ ಕಚೇರಿಯಲ್ಲಿ ಮೀಟಿಂಗಿನಲ್ಲಿದ್ದರೆ?’ ಎಂದರು. ವರ್ಷದಲ್ಲಿ ಮೊದಲ ಬಾರಿಗೆ ಆ ನೀತಿಯ ಆರನೇ ಪುಟವನ್ನು ಒಬ್ಬರು ಓದಿದ್ದರು. ಅವರ ಪದನಾಮದ ಕೆಳಗೆ ಇನ್ನೊಬ್ಬರದನ್ನು ಸೇರಿಸಿ ಕಳುಹಿಸಿದೆ.