ಡಿ ಮೊದಲೋ, ಎಲ್ ಮೊದಲೋ?

ಅಮೈನೋ ಆಮ್ಲಗಳ ಎಲ್ ಮತ್ತು ಡಿ ರೂಪಗಳು ಒಂದಕ್ಕೊಂದು ಕನ್ನಡಿಯ ಪ್ರತಿಬಿಂಬಗಳು. ಅವುಗಳ ತೂಕವೂ ಕರಗುವ ಗುಣವೂ ಒಂದೇ ಆಗಿರುವುದರಿಂದ, ಎಚ್‌ಪಿಎಲ್‌ಸಿಯ (ಕಣ ತುಂಬಿದ ಕೊಳವೆಯ, ಅಂದರೆ ಕಾಲಂನ, ಮೂಲಕ ದ್ರಾವಣವನ್ನು ಒತ್ತಡದಲ್ಲಿ ಹರಿಸಿ ಮಿಶ್ರಣವನ್ನು ಬೇರ್ಪಡಿಸುವ ವಿಧಾನ) ಸಾಮಾನ್ಯ ಸಿ-18 ಕಾಲಂನಿಂದ, ಅಂದರೆ 18 ಇಂಗಾಲಗಳ ಸರಪಳಿ ಜೋಡಿಸಿದ ಕಣಗಳ ಕಾಲಂನಿಂದ, ಎರಡೂ ಗ್ರಾಫಿನಲ್ಲಿ ಒಂದೇ ಪೀಕ್ (ಶಿಖರ) ಆಗಿ ಹೊರಬರುತ್ತವೆ. ಅವನ್ನು ಬೇರ್ಪಡಿಸಬೇಕಾದರೆ ಎಡ-ಬಲಗಳ ಭೇದವುಳ್ಳ ಮತ್ತೊಂದು ಅಣು ಕಾಲಂನಲ್ಲಾದರೂ ಹರಿಯುವ ದ್ರಾವಣದಲ್ಲಾದರೂ ಇರಬೇಕು, ಇಲ್ಲವೇ ಅದನ್ನು ಮಾದರಿಗೇ ಮೊದಲು ಜೋಡಿಸಿರಬೇಕು.

ಇಷ್ಟನ್ನು ಪಠ್ಯಪುಸ್ತಕಗಳೂ ಹೇಳುತ್ತವೆ. ಆದರೆ ಶುದ್ಧತೆಯ ಪರೀಕ್ಷೆಯಲ್ಲಿ, ಎರಡು ಪೀಕ್‌ಗಳು ಎಷ್ಟು ದೂರ ಸರಿದವು ಎಂಬುದಕ್ಕಿಂತ ಯಾವುದು ಮೊದಲು ಬಂತು ಎಂಬುದೇ ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ. ಎಲ್ ರೂಪದ ಮಾದರಿಯಲ್ಲಿ ಶೇಕಡಾ 0.1ರಷ್ಟು ಡಿ ಇದೆಯೆಂದುಕೊಳ್ಳೋಣ. ಎಲ್ ಮೊದಲು ಬಂದರೆ ಅದರ ದೊಡ್ಡ ಪೀಕ್ ಹಿಂದಕ್ಕೆ ಬಾಲ ಚಾಚಿಕೊಳ್ಳುತ್ತದೆ. ಆ ಇಳಿಜಾರಿನ ಮೇಲೆ ಡಿ ಬರೀ ಒಂದು ಸಣ್ಣ ಉಬ್ಬಾಗಿ ಕಾಣುತ್ತದೆ, ಅದರ ವಿಸ್ತೀರ್ಣವನ್ನು ಎಲ್ಲಿಂದ ಎಲ್ಲಿಯವರೆಗೆ ಅಳೆಯಬೇಕೆಂಬುದು ಅಳೆಯುವವರ ಇಚ್ಛೆಗೆ ಬಿಟ್ಟದ್ದಾಗುತ್ತದೆ. ಡಿ ಮೊದಲು ಬಂದರೆ ಸಮತಟ್ಟಾದ ಬೇಸ್‌ಲೈನ್ ಮೇಲೆ ಸ್ವಚ್ಛವಾಗಿ ನಿಲ್ಲುತ್ತದೆ.

ಬಹಳ ಜನರ ಮೆಚ್ಚಿನ ಟೈಕೋಪ್ಲಾನಿನ್ ಕಾಲಂನಲ್ಲಿ ಎದುರಾಗುವುದು ಇದೇ ತೊಡಕು. ಟೈಕೋಪ್ಲಾನಿನ್ ಒಂದು ಆ್ಯಂಟಿಬಯಾಟಿಕ್. ಅದನ್ನು ತಯಾರಿಸುವ ಸೂಕ್ಷ್ಮಜೀವಿ ಮೊದಲು ಸಿಕ್ಕಿದ್ದು ನಮ್ಮ ಇಂದೋರಿನ ಮಣ್ಣಿನಲ್ಲಿ. ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಪೆಪ್ಟೈಡ್‌ಗಳ ತುದಿಯಲ್ಲಿ ಎರಡು ಡಿ-ಅಲನಿನ್‌ಗಳಿರುತ್ತವೆ. ಅವನ್ನು ಹಿಡಿದುಕೊಂಡು ಭಿತ್ತಿ ಬೆಳೆಯದಂತೆ ತಡೆಯುವುದೇ ಈ ಔಷಧದ ಕೆಲಸ. ಕಾಲಂನಲ್ಲಿ ತುಂಬುವ ಸಿಲಿಕಾ ಕಣಗಳ ಮೇಲೆ ಕಟ್ಟಿಹಾಕಿದ ಮೇಲೂ ಅದರ ಸ್ವಭಾವ ಬದಲಾಗುವುದಿಲ್ಲ. ಮೆಥನಾಲ್ ಮತ್ತು ನೀರಿನ ಸರಳ ಮಿಶ್ರಣದಲ್ಲಿಯೇ ಅದು ಡಿ ಅಮೈನೋ ಆಮ್ಲವನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಂಡು ಎಲ್ ರೂಪವನ್ನು ಮುಂದೆ ಕಳುಹಿಸುತ್ತದೆ. ಅದರ ಸಕ್ಕರೆಯ ಭಾಗಗಳನ್ನು ತೆಗೆದುಹಾಕಿದರೆ ಬೇರ್ಪಡಿಕೆ ಸಾಮಾನ್ಯವಾಗಿ ಇನ್ನೂ ಚೆನ್ನಾಗುತ್ತದೆ, ಆದರೆ ಕ್ರಮ ಮಾತ್ರ ಅದೇ.

ಕ್ರೌನ್ ಈಥರ್ ಎಂಬ ಉಂಗುರಾಕಾರದ ಅಣುಗಳನ್ನು ಬಳಸುವ ಕಾಲಂಗಳಲ್ಲಿ ಈ ಕಷ್ಟವಿಲ್ಲ. ಅವು ಪ್ಲಸ್ ಮತ್ತು ಮೈನಸ್ ಎಂಬ ಎರಡು ಬಗೆಗಳಲ್ಲಿ ಸಿಗುತ್ತವೆ. ಪ್ಲಸ್ ಬಗೆಯಲ್ಲಿ ಸಾಮಾನ್ಯವಾಗಿ ಡಿ ಮೊದಲು ಬರುತ್ತದೆ, ಮೈನಸ್‌ನಲ್ಲಿ ಕ್ರಮ ತಿರುಗುಮುರುಗಾಗುತ್ತದೆ. ಆಮ್ಲೀಯ ದ್ರಾವಣದಲ್ಲಿ ಅಮೋನಿಯಂ ಆಗಿ ಬದಲಾದ ಪ್ರಾಥಮಿಕ ಅಮೈನ್ ಗುಂಪು ಈಥರಿನ ಉಂಗುರದೊಳಗೆ ಕೂರುವುದರಿಂದಲೇ ಅಲ್ಲಿ ಹಿಡಿತ ಸಾಧ್ಯವಾಗುತ್ತದೆ. ಪ್ರೋಲಿನ್ ಎಂಬ ಅಮೈನೋ ಆಮ್ಲದಲ್ಲಿ ಅಂಥ ಗುಂಪಿಲ್ಲವಾದ್ದರಿಂದ ಈ ದಾರಿ ಅದಕ್ಕೆ ಒದಗುವುದಿಲ್ಲ.

ಪ್ರೋಲಿನ್‌ಗೆ ನಾನು ಸೂಚಿಸುವುದು 1984ರಲ್ಲಿ ಪ್ರಕಟವಾದ ಮಾರ್ಫಿ ಕಾರಕವನ್ನು, ಅಂದರೆ ಮಾದರಿಗೇ ಮೊದಲು ಜೋಡಿಸುವ, ಎಡ-ಬಲಗಳ ಭೇದವುಳ್ಳ ಅಣುವನ್ನು. ಅದರ ಎಲ್-ಅಲನಿನ್ ಅಮೈಡ್ ಭಾಗದ ಬದಲು ಡಿ-ಅಲನಿನ್ ಅಮೈಡ್ ಇರುವ ಬಗೆಯನ್ನು ಕೊಂಡರೆ ಕ್ರಮ ಮಗುಚಿ ಡಿ ಮುಂದೆ ಬರುತ್ತದೆ. ಸಾಮಾನ್ಯ ಸಿ-18 ಕಾಲಂ ಮತ್ತು 340 ನ್ಯಾನೋಮೀಟರ್‌ನ ಯುವಿ ಡಿಟೆಕ್ಟರ್ ಸಾಕು. ಒಂದು ಎಚ್ಚರ ಮಾತ್ರ ಬೇಕು. ಕಾರಕದಲ್ಲಿಯೇ ಅದರ ವಿರುದ್ಧ ರೂಪ ಸ್ವಲ್ಪ ಬೆರೆತಿದ್ದರೆ, ಅದು ಮಾದರಿಯ ಎಲ್ ಜೊತೆ ಕೂಡಿ ಡಿ ಇರಬೇಕಾದ ಜಾಗದಲ್ಲೇ ಪೀಕ್ ಕೊಡುತ್ತದೆ. ಹಾಗಾಗಿ ಕಾರಕದ ಶುದ್ಧತೆ ತಿಳಿಯದೆ ಶೇಕಡಾ 0.1 ಎಂದು ವರದಿಯಲ್ಲಿ ಬರೆಯಬಾರದು.