ನಮ್ಮ ತೋಟದ ಯಾವ ಎಲೆಯ ಮೇಲೂ ನೀರು ನಿಲ್ಲುವುದಿಲ್ಲ

ಚಿಕ್ಕಮಗಳೂರಿನಲ್ಲಿ ಕಚೇರಿ ತೆರೆದು ಈಗ 14 ವರ್ಷ. ವಾಸ್ತುಶಿಲ್ಪಿಯಾಗಿ ನನಗೆ ಮೊದಲು ಸಿಕ್ಕ ಸ್ವತಂತ್ರ ಕೆಲಸ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಮನೆ. ತೋಟದಲ್ಲೇ ಹುಟ್ಟಿ ಬೆಳೆದವಳು ನಾನು. ಗಿಡಮರಗಳನ್ನು ನೋಡಿ ಕಲಿತು ಕಟ್ಟಬೇಕೆಂಬ ಹಂಬಲ ಕಾಲೇಜಿನಿಂದಲೇ ಇತ್ತು. ಹಾಗಾಗಿ ಆ ಮನೆಗೆ ಕಾಫಿ ಎಲೆಯಂಥ ಕಾಂಕ್ರೀಟ್ ಚಾವಣಿ ಹಾಕಿಸಿದೆ. ನಡುವೆ ದಪ್ಪನೆಯ ನರ, ಎರಡೂ ಬದಿಗೆ ಕವಲುಗಳು, ಅಂಚಿನುದ್ದಕ್ಕೂ ಅಲೆಯಂಥ ಬಳುಕು. ಆ ಬಾಗು ತರಲು ಸೆಂಟ್ರಿಂಗ್ ಕೆಲಸದವರು 11 ದಿನ ಹೆಣಗಿದರು. ಗೃಹಪ್ರವೇಶಕ್ಕೆ ಬಂದವರೆಲ್ಲ ಅದರ ಫೋಟೊ ತೆಗೆದರು.

ಜುಲೈನಲ್ಲಿ ಫೋನ್ ಬಂತು. ಹೋಗಿ ನೋಡಿದರೆ ಕವಲು ಕವಲಿನ ಸಂದಿಯಲ್ಲೂ ನೀರು ಮಡುಗಟ್ಟಿತ್ತು. ಕೆಳಗೆ ಮಲಗುವ ಕೋಣೆಯ ಗೋಡೆ ಒಸರುತ್ತಿತ್ತು. ಮಾಲೀಕರು ಏನೂ ಅನ್ನಲಿಲ್ಲ. ಅವರ ತಾಯಿ ಕಾಫಿಯ ಲೋಟ ಕೈಗಿಟ್ಟು, "ಎಲೆ ಚೆಂದ ಇದೆ ಕಣಮ್ಮ. ಆದರೆ ನಮ್ಮ ತೋಟದ ಯಾವ ಎಲೆಯ ಮೇಲೂ ನೀರು ನಿಲ್ಲುವುದಿಲ್ಲ" ಎಂದರು.

ಹಿಂತಿರುಗುವಾಗ ತೋಟದ ದಾರಿಯಲ್ಲಿ ಕೊಡೆ ಹಿಡಿದು ಒಂದು ಗಿಡದ ಮುಂದೆ ಬಹಳ ಹೊತ್ತು ನಿಂತೆ. ಕಾಫಿ ಎಲೆಯ ತುದಿ ಸಣ್ಣಗೆ ಚೂಪಾಗಿ ಕೆಳಗೆ ಬಾಗಿರುತ್ತದೆ. ಹನಿಗಳು ನಡುನರ ಹಿಡಿದು ಬಂದು ಆ ತುದಿಯಲ್ಲಿ ಕೂಡಿ ಜಾರಿಬಿಡುತ್ತವೆ. ಮಳೆಕಾಡಿನ ಎಷ್ಟೋ ಗಿಡಗಳ ಎಲೆಗಳಿಗೆ ಇಂಥದೇ ತುದಿ ಇದೆ. ಬಾಲ್ಯದಿಂದ ಸಾವಿರ ಸಲ ಕೈಯಲ್ಲಿ ಹಿಡಿದ ಎಲೆ ಅದು. ಅದರ ಅಂಚನ್ನು ಅಷ್ಟು ನಿಷ್ಠೆಯಿಂದ ಬರೆದವಳು, ಆ ಅಂಚು ಮಳೆಯಲ್ಲಿ ಏನು ಮಾಡುತ್ತದೆಂದು ಒಮ್ಮೆಯೂ ನೋಡಿರಲಿಲ್ಲ.

ಕಾಲೇಜಿನಲ್ಲಿ ಸ್ಲೈಡುಗಳಲ್ಲಿ ಕಂಡಿದ್ದ ಸ್ಪೇನಿನ ವಾಸ್ತುಶಿಲ್ಪಿ ಆಂಟೋನಿ ಗೌಡಿ ನನಗೆ ಅರ್ಥವಾಗತೊಡಗಿದ್ದು ಅದಾದ ಮೇಲೆ. 1883ರಲ್ಲಿ, 31ನೆಯ ವಯಸ್ಸಿನಲ್ಲಿ, ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಚರ್ಚಿನ ಹೊಣೆ ಹೊತ್ತ ಆತ 1926ರಲ್ಲಿ ಟ್ರಾಮ್ ಬಡಿದು ಸಾಯುವವರೆಗೂ ಅದನ್ನು ಬಿಡಲಿಲ್ಲ. ಅಲ್ಲಿನ ಕಂಬಗಳು ಮರದಂತೆ ಮೇಲೆ ಕವಲೊಡೆಯುತ್ತವೆ. ನಾನದನ್ನು ಅಲಂಕಾರ ಎಂದುಕೊಂಡಿದ್ದೆ. ಕೊಂಬೆಗಳು ಭಾರವನ್ನು ಹಂಚಿಕೊಂಡು ಬುಡಕ್ಕೆ ಇಳಿಸುವ ಹಾಗೆಯೇ ಆ ಕವಲುಗಳು ಮೇಲಿನ ಕಮಾನುಗಳ ಭಾರ ಹೊತ್ತಿವೆ. ಇನ್ನೊಂದು ಚರ್ಚಿಗಾಗಿ ಆತ ದಾರಗಳನ್ನು ತೂಗುಬಿಟ್ಟು, ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಅವಕ್ಕೆ ಕಟ್ಟಿ, ಅದರ ಫೋಟೊವನ್ನು ತಲೆಕೆಳಗು ಮಾಡಿ ಕಮಾನುಗಳ ರೂಪ ಕಂಡುಕೊಂಡ. ತೂಗುವಾಗ ಬರೀ ಎಳೆತದಲ್ಲಿರುವ ದಾರ ತಿರುವಿಟ್ಟರೆ ಬರೀ ಒತ್ತಡ ಹೊರುವ ಕಮಾನಾಗುತ್ತದೆ. ನಾನೂ ಅಪ್ಪನ ಕೊಟ್ಟಿಗೆಯಿಂದ ದನ ಕಟ್ಟುವ ಸರಪಳಿ ತಂದು ಗೋಡೆಯ ಎರಡು ಮೊಳೆಗಳಿಗೆ ತೂಗುಹಾಕಿದೆ. ಆಲ್ದೂರಿನ ಬಳಿಯ ಒಂದು ಮನೆಯ ಜಗಲಿಯಲ್ಲಿ ಆ ಬಾಗಿನ ಇಟ್ಟಿಗೆ ಕಮಾನು ಕಬ್ಬಿಣವಿಲ್ಲದೆ ನಿಂತಿದೆ. ಆ ಸರಪಳಿ ಈಗಲೂ ನನ್ನ ಮೇಜಿನ ಹಿಂದೆಯೇ ತೂಗುತ್ತಿದೆ.

ಈಗ ಹೊಸ ಜಾಗಕ್ಕೆ ಹೋದರೆ ಮೊದಲು ಕೇಳುವುದು ಗಾಳಿಮಳೆ ಯಾವ ಕಡೆಯಿಂದ ಹೊಡೆಯುತ್ತದೆ ಎಂದು. ಸಾಧ್ಯವಾದರೆ ಒಂದು ಮಳೆಗಾಲ ಕಾಯೋಣ ಎನ್ನುತ್ತೇನೆ. ಇದಕ್ಕೆ ಒಪ್ಪದೆ ಬೇರೆಯವರ ಬಳಿ ಹೋದವರೂ ಇದ್ದಾರೆ. ಸೂರನ್ನು ಗೋಡೆಯಿಂದ 4 ಅಡಿ ಮುಂದಕ್ಕೆ ಇಳಿಸುತ್ತೇನೆ. ತೋಟದಲ್ಲಿ ಹಲಸು, ಅತ್ತಿ, ಸಿಲ್ವರ್ ಓಕ್ ಮರಗಳು ಎತ್ತರದಲ್ಲಿ ನಿಂತು ಮಳೆಯ ಪೆಟ್ಟನ್ನು ತಡೆದು, ಕಾಫಿಯ ಮೇಲೆ ಹನಿಯಾಗಿ ಬಿಡುತ್ತವಲ್ಲ, ಹಾಗೆ ಮಳೆ ಮನೆಗೆ ಹಂತಹಂತವಾಗಿ ತಲುಪಬೇಕು: ಮಾಡು, ಸೂರು, ಜಗಲಿ, ಆಮೇಲೆ ಗೋಡೆ. ನನ್ನಜ್ಜಿಯ ಮನೆ ಹೀಗೆಯೇ ಇತ್ತು.

ಮೂಡಿಗೆರೆಯ ಆ ಮನೆಗೆ ಮುಂದಿನ ಬೇಸಿಗೆಯಲ್ಲಿ ನನ್ನ ಖರ್ಚಿನಲ್ಲೇ ಪಕಾಸು, ರೀಪು ಹೊಡೆಸಿ ಮಂಗಳೂರು ಹೆಂಚು ಹೊದಿಸಿಕೊಟ್ಟೆ. ಎರಡು ವರ್ಷದ ಸಂಪಾದನೆ ಅದಕ್ಕೆ ಹೋಯಿತು. ಕಾಂಕ್ರೀಟ್ ಎಲೆ ಹೆಂಚಿನ ಅಡಿಯಲ್ಲಿ ಹಾಗೆಯೇ ಇದೆ. ಅದರ ನರಗಳ ನಡುವೆ ಆ ತಾಯಿ ಪ್ರತಿ ಮೇ ತಿಂಗಳಲ್ಲಿ ಮಳೆಗಾಲದ ಸೌದೆ ಒಟ್ಟಿಸುತ್ತಾರೆ.