ಅದು ಒಂದೇ ತಗಡಲ್ಲ ಸ್ವಾಮಿ

"ಬಣ್ಣ ಎಲ್ಲಾ ಕಡೆ ಒಂದೇ ಸಮ ಕೂತಿಲ್ಲ, ಅಲ್ವಾ?"

ಭಾನುವಾರದ ಪುಟ್ಟ ವಿಮಾನ ಮಾಡೆಲ್‌ಗಳ ಪ್ರದರ್ಶನದಲ್ಲಿ ನಾನು ಮಾಡಿದ ಮಿಗ್-21 ಯುದ್ಧವಿಮಾನದ ಮುಂದೆ ನಿಂತು ಒಬ್ಬರು ಕೇಳಿದ್ದು. ನಾನು ಉತ್ತರ ಕೊಡೋ ಮೊದಲೇ, ಮೊಮ್ಮಗನನ್ನು ಕರ್ಕೊಂಡು ಪಕ್ಕದಲ್ಲಿ ನಿಂತಿದ್ದ ಯಜಮಾನರು ಅಂದರು: "ಅದು ಒಂದೇ ತಗಡಲ್ಲ ಸ್ವಾಮಿ." ದನಿ ಏರಿಸಲಿಲ್ಲ, ಜಗಳದ ಮಾತೂ ಅಲ್ಲ. ಕೇಳಿದವರು ಮಾತ್ರ ಫೋನ್ ಝೂಮ್ ಮಾಡಿ ಇನ್ನೊಂದು ಫೋಟೋ ತೆಗೆದು ಮುಂದಿನ ಟೇಬಲ್ಲಿಗೆ ಹೋದರು. ಕೆಟ್ಟವರೇನಲ್ಲ. ಆದರೆ ಕೈಯಲ್ಲಿ ಮುಟ್ಟಿ ನೋಡದ ವಸ್ತುವಿನ ಬಗ್ಗೆ ಅಷ್ಟು ಖಡಾಖಂಡಿತವಾಗಿ ಮಾತಾಡೋದು ನನಗೆ ಒಗ್ಗಲ್ಲ.

ನಾನು ಮಾಡಿದ್ದು ಮಿಗ್-21ರಲ್ಲಿ ಎಫ್ಎಲ್ ಅನ್ನೋ ಬಗೆ, 1/72 ಅಳತೆಯದು. ನಮ್ಮ ವಾಯುಪಡೆಗೆ ಇವು ಬಂದಾಗ ಮೈಮೇಲೆ ಬಣ್ಣ ಇರಲಿಲ್ಲ, ಹೊಳೆಯೋ ಲೋಹವೇ. 1971ರ ಯುದ್ಧದ ಹೊತ್ತಿಗೆ ಹಸಿರು ಬಣ್ಣ ಬಳಿದು ಅದನ್ನು ಮರೆಮಾಡಿದರು. 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21ಗಳಿಗೆ ವಿದಾಯ ಹೇಳಿದಾಗಿನಿಂದ, ಆ ಮೊದಲಿನ ಲೋಹದ ರೂಪದಲ್ಲೇ ಒಂದನ್ನು ಮಾಡಬೇಕು ಅಂತ ತಲೆಯಲ್ಲಿ ಕೂತಿತ್ತು.

ಲೋಹದ ಮೈ ತರಿಸೋಕೆ ಸಾಮಾನ್ಯ ದಾರಿ ಆಲ್‌ಕ್ಲಾಡ್ ಥರದ ಲ್ಯಾಕರ್, ಅಂದರೆ ಲೋಹದ ಹೊಳಪಿನ ಬಣ್ಣ. ಮೊದಲು ಮಿರಮಿರ ಅನ್ನೋ ಕಪ್ಪು ಬಣ್ಣ, ಅದು ಪೂರ್ತಿ ಒಣಗಿದ ಮೇಲೆ ಬಣ್ಣ ಸಿಂಪಡಿಸೋ ಏರ್‌ಬ್ರಶ್ಶಿನ ಒತ್ತಡ ತಗ್ಗಿಸಿ ತೆಳ್ಳಗೆ ಪದರ ಪದರವಾಗಿ ಬೆಳ್ಳಿ. ಪ್ಲಾಸ್ಟಿಕ್ಕಿನ ಮೇಲೆ 0.1 ಮಿ.ಮೀ. ಗೀರು ಉಳಿದರೂ ಸಾಕು, ಈ ಅಳತೆಯಲ್ಲಿ ಅದು ನಿಜವಾದ ವಿಮಾನದ ಮೇಲಿನ 7 ಮಿ.ಮೀ. ಗಾಯ. ಬೇರೆ ಬಣ್ಣ ಅದನ್ನು ಮುಚ್ಚಿಬಿಡುತ್ತೆ, ಬೆಳ್ಳಿ ಎತ್ತಿ ತೋರಿಸುತ್ತೆ.

ನಾನು ಆ ದಾರಿ ಹಿಡಿದದ್ದು ಮೂಗಿನ ಸುತ್ತಿನ ಉಂಗುರಕ್ಕೆ, ರೆಕ್ಕೆ ಮೈಗೆ ಸೇರೋ ತಿರುವಿಗೆ ಮಾತ್ರ. ಅಲ್ಲಿ ಫಾಯಿಲ್ ಮಡಿಚಿಕೊಳ್ಳುತ್ತೆ. ಉಳಿದ ಮೈಗೆಲ್ಲ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ಲೇ. ಲೆಕ್ಕ ಹಾಕಿ ನೋಡಿ: 11ರಿಂದ 18 ಮೈಕ್ರಾನ್ ದಪ್ಪದ ಫಾಯಿಲ್ಲನ್ನು 72ರಿಂದ ಗುಣಿಸಿದರೆ 0.8ರಿಂದ 1.3 ಮಿ.ಮೀ. ವಿಮಾನಕ್ಕೆ ಹೊದಿಸೋ ತೆಳು ತಗಡೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಈ ಲೆಕ್ಕ ಸರಿಹೋದಾಗ ಆದ ಸಂತೋಷ ಇನ್ನೂ ಇಳಿದಿಲ್ಲ.

ಫಾಯಿಲ್ಲಿನ ಮಂಕು ಬದಿಗೆ ಅಂಟು ಬಳಿದು, ಅದು ಜಿಗುಟಾಗೋವರೆಗೂ ಕಾದು, ಒಂದು ಪ್ಯಾನೆಲ್ಲಿಗೆ, ಅಂದರೆ ಒಂದು ತಗಡಿನ ಜಾಗಕ್ಕೆ, ಒಂದೇ ತುಂಡು ಕೂರಿಸಬೇಕು. ಹತ್ತಿ ಕಡ್ಡಿಯಿಂದ ನಡುವಿಂದ ಅಂಚಿಗೆ ತೀಡುತ್ತಾ ಹೋದರೆ ಕೆಳಗಿನ ರಿವೆಟ್ (ತಗಡು ಜೋಡಿಸೋ ಮೊಳೆ) ಚುಕ್ಕಿಗಳು ಒಂದೊಂದಾಗಿ ಮೇಲೇಳುತ್ತವೆ. ಹೊಸ ಬ್ಲೇಡಿನಿಂದ ಗೆರೆಗುಂಟ ಕತ್ತರಿಸಿ, ಆ ತುಂಡನ್ನು ನಯವಾದ ಸ್ಟೀಲ್ ವುಲ್ಲಿಂದ ಒಂದೇ ದಿಕ್ಕಿಗೆ ಉಜ್ಜಬೇಕು. ಪಕ್ಕದ ತುಂಡನ್ನು ಬೇರೆ ದಿಕ್ಕಿಗೆ. ಆಮೇಲೆ ಮಾಡೆಲ್ಲನ್ನು ದೀಪದ ಕೆಳಗೆ ತಿರುಗಿಸಿದರೆ, ಈಗ ಬೆಳ್ಳಗಿದ್ದ ತಗಡು ಕಪ್ಪಗಾಗುತ್ತೆ, ಕಪ್ಪಗಿದ್ದದ್ದು ಬೆಳಗುತ್ತೆ. ಎರಡೂ ಒಂದೇ ಸುರುಳಿಯಿಂದ ಕತ್ತರಿಸಿದ ಫಾಯಿಲ್!

ಮೊದಲು ಕೇಳಿದವರಿಗೆ "ಒಂದೇ ಸಮ ಇಲ್ಲ" ಅನ್ನಿಸಿದ್ದು ಇದೇ. ಯಜಮಾನರು ಒಂದೇ ನೋಟಕ್ಕೆ ಹಿಡಿದದ್ದೂ ಇದನ್ನೇ.

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಶೀಟ್ ಮೆಟಲ್ ಕೆಲಸ ಮಾಡಿ ನಿವೃತ್ತರಾದವರಂತೆ. ಅಲ್ಲಿ ಅಜೀತ್ ಯುದ್ಧವಿಮಾನಗಳು ತಯಾರಾಗ್ತಿದ್ದ ಕಾಲದವರು. ಮೊಮ್ಮಗನಿಗೆ ಹೇಳಿಕೊಡುತ್ತಾ ಬೆರಳನ್ನು ಮಾಡೆಲ್ಲಿಗೆ ತಾಗಿಸದೆ ಗಾಳಿಯಲ್ಲೇ ಆಡಿಸಿದರು. "ನೋಡೋ, ಶೀಟು ರೋಲರ್ ಮಧ್ಯೆ ಬರ್ತಾ ಉದ್ದಕ್ಕೆ ಗೆರೆ ಬಿದ್ದಿರುತ್ತೆ. ಇದನ್ನ ಉದ್ದುದ್ದ ಕತ್ತರಿಸವ್ರೆ, ಇದನ್ನ ಅಡ್ಡಡ್ಡ. ಒಂದು ಶೀಟು ಬಿಚ್ಚಿ ಹೊಸದು ಹಾಕಿದ್ರೆ ದೂರದಿಂದ್ಲೇ ಗೊತ್ತಾಗೋದು, ಅದೊಂದೇ ಹೊಳೀತಿರೋದು." ಆ ಹುಡುಗ ಬಗ್ಗಿ ಬಗ್ಗಿ ನೋಡಿದ. ಇಡೀ ಸಭಾಂಗಣದಲ್ಲಿ ಅಷ್ಟು ಚೆನ್ನಾಗಿ ನೋಡಿದವರು ಇನ್ನೊಬ್ಬರಿಲ್ಲ.

ಜನ ಹೆಚ್ಚು ಮೆಚ್ಚಿದ್ದು ಕನ್ನಡಿಯಂತೆ ಫಳಫಳಿಸುವ ಒಂದು ಮಸ್ಟಾಂಗನ್ನು, ಎರಡನೇ ಮಹಾಯುದ್ಧದ ಅಮೆರಿಕನ್ ಯುದ್ಧವಿಮಾನದ ಮಾಡೆಲ್ಲನ್ನು. ಮಾಡಿದವರ ಕೈಚಳಕ ನಿಜಕ್ಕೂ ದೊಡ್ಡದು. ಆದರೆ ಯುದ್ಧಕಾಲದ ಪಿ-51 ಮಸ್ಟಾಂಗಿನ ರೆಕ್ಕೆ ಬರಿ ಲೋಹವೇ ಅಲ್ಲ. ಗಾಳಿ ನುಣ್ಣಗೆ ಜಾರಲಿ ಅಂತ ಕಾರ್ಖಾನೆಯಲ್ಲೇ ರಿವೆಟ್ಟು, ಸಂದುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಬೆಳ್ಳಿ ಬಣ್ಣ ಹೊಡೀತಿದ್ದರು. ಇವತ್ತಿನ ಏರ್‌ಶೋಗಳಲ್ಲಿ ಪಾಲಿಶ್ ಹೊಡೆದು ಮಿಂಚಿಸಿದ ಮಸ್ಟಾಂಗುಗಳನ್ನು ನೋಡಿ ನೋಡಿ, ಯುದ್ಧದಲ್ಲೂ ಹಾಗೇ ಇದ್ದವು ಅಂತ ನಂಬಿಬಿಟ್ಟಿದ್ದೇವೆ.

ನಮ್ಮ ಊರುಗಳ ವೃತ್ತಗಳಲ್ಲಿ, ಕಾಲೇಜುಗಳ ಮುಂದೆ ಕಂಬದ ಮೇಲೆ ನಿಲ್ಲಿಸಿರೋ ಹಳೇ ವಿಮಾನಗಳನ್ನೂ ನೋಡಿ. ಮಳೆ ಬಿಸಿಲಿಗೆ ಬಣ್ಣ ಬೇಕು, ಒಪ್ಪೋಣ. ಆದರೆ ಪದರದ ಮೇಲೆ ಪದರ ಬಳಿದು ಸಂದು, ರಿವೆಟ್ಟು ಎಲ್ಲಾ ತುಂಬಿಹೋಗಿ, ಆ ವಿಮಾನ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕಾಣುತ್ತೆ. ಕೆಳಗಿನ ಫಲಕದಲ್ಲಿ ವೇಗ, ಎಂಜಿನ್ನು ಎಲ್ಲ ಬರೆದಿರುತ್ತೆ. ಸಾವಿರಾರು ರಿವೆಟ್ ಹೊಡೆದ ಕೈಗಳ ಬಗ್ಗೆ ಒಂದು ಸಾಲೂ ನಾನು ಓದಿಲ್ಲ. ಒಂದು ತಗಡನ್ನು ಬಾಗಿಸಿ, ಅಳತೆ ನೋಡಿ, ಮತ್ತೆ ಬಾಗಿಸಿ ಕೂರಿಸಿದವರು ನಮ್ಮ ನಡುವೆಯೇ ಪಿಂಚಣಿ ತಗೊಂಡು ಸಂಜೆ ವಾಕಿಂಗ್ ಹೋಗ್ತಿದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಬೇಕು, ಬರೆದಿಡಬೇಕು. ಇದು ನನಗೆ ಹವ್ಯಾಸಕ್ಕಿಂತ ಮುಖ್ಯ ಅನ್ನಿಸ್ತಿದೆ.

ಮುಂದಿನದು ಮರುತ್. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ಗಾಗಿ ವಿನ್ಯಾಸ ಮಾಡಿದ, 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ಎಚ್‌ಎಫ್-24 ಯುದ್ಧವಿಮಾನ. ಯಜಮಾನರಿಗೆ ಫೋನ್ ಮಾಡಿದ್ದೆ. ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲಿ ನಿಂತಿರೋ ಮರುತ್ ನೋಡೋಕೆ ಬರ್ತೀನಿ ಅಂದಿದ್ದಾರೆ. ಬಣ್ಣ ಬಳಿದಿದ್ದರೂ ಟಾರ್ಚನ್ನು ಅಡ್ಡಲಾಗಿ ಹಿಡಿದರೆ ತಗಡಿನ ಸಂದು ಕಾಣುತ್ತಂತೆ. ನೋಟ್‌ಬುಕ್ ನಾನು ತರೋದು, ಟಾರ್ಚ್ ಅವರದು.